ನಮ್ಮ ಹಿರಿಯರ ಹೆಸರುಗಳನ್ನು ನಾವೇ ಬರೆದಿಡೋಣ



ನಾಡಿನ ಎಲ್ಲೆಯ ಮಾತು ಬಂದಾಗಲೆಲ್ಲ ರಾಜಮಹಾರಾಜರನ್ನು ಸಾಕ್ಷಿಗೆ ಕರೆಯುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿತ್ತೆಂಬುದಕ್ಕೆ ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವನ್ನು ತೋರಿಸುತ್ತೇವೆ, ರಾಷ್ಟ್ರಕೂಟರ, ಕಲ್ಯಾಣದ ಚಾಲುಕ್ಯರ ಶಾಸನಗಳನ್ನು ಎತ್ತಿ ಹೇಳುತ್ತೇವೆ. ಇದೆಲ್ಲವೂ ನಿಜ, ಹೆಮ್ಮೆಪಡತಕ್ಕ ಮಾತೂ ಹೌದು. ಆದರೆ ರಾಜರು ಬಂದರು, ಹೋದರು. ಅವರು ಹೋದ ಮೇಲೆ ಎಂಟು ನೂರು ವರ್ಷಗಳ ಕಾಲ ಅಕ್ಕಲಕೋಟೆ, ಜತ್ತ, ಸೊಲ್ಲಾಪುರದ ಹಳ್ಳಿಗಳಲ್ಲಿ ಕನ್ನಡವನ್ನು ಉಳಿಸಿಕೊಂಡು ಬಂದವರು ಯಾರು? ಜೋಳ ಬಿತ್ತಿದವರು, ಕುರಿ ಕಾಯ್ದವರು, ಗಾಣ ತಿರುಗಿಸಿದವರು, ಮಗ್ಗದ ಮುಂದೆ ಕುಳಿತವರು, ಬೀಸುವ ಕಲ್ಲಿನ ಮುಂದೆ ಹಾಡಿದವರು. ಈ ನೆಲಕ್ಕೆ ನಿಜವಾದ ಸಾಕ್ಷಿಗಳು ಅವರು. ಅವರ ಹೆಸರುಗಳು ನಮಗೆ ಗೊತ್ತಿಲ್ಲ.

ಸೊನ್ನಲಿಗೆಯಲ್ಲಿ ಸಿದ್ಧರಾಮನು ಕೆರೆ ಕಟ್ಟಿಸಿದನೆಂಬುದನ್ನು ನಮ್ಮ ಮಕ್ಕಳೂ ಬಲ್ಲರು. ಆ ಕೆರೆಯ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತವರು ಯಾರೆಂದು ಕೇಳಿದರೆ ಉತ್ತರವಿಲ್ಲ. ಅಷ್ಟು ಹಿಂದಿನ ಮಾತು ಇರಲಿ. ನಮ್ಮ ಮುತ್ತ್ಯಾನ ತಂದೆಯ ಹೆಸರನ್ನು, ಆತನ ತಾಯಿಯ ತವರೂರನ್ನು ತಡೆಯಿಲ್ಲದೆ ಹೇಳಬಲ್ಲವರು ಪ್ರತಿ ಹಳ್ಳಿಯಲ್ಲಿ ಎಷ್ಟು ಮಂದಿ ಇದ್ದಾರೆ? ನಾಡಿನ ಚರಿತ್ರೆಯನ್ನು ಬಾಯಿತುಂಬ ಹೇಳುವ ನಾವು ಮನೆಯ ಚರಿತ್ರೆಯನ್ನು ಮರೆತಿದ್ದೇವೆ. ಆದುದರಿಂದ ಪ್ರತಿಯೊಂದು ಕನ್ನಡ ಮನೆತನವೂ ತನ್ನ ಹಿರಿಯರ ಬಾಳಿನ ದಾಖಲೆಯನ್ನು ತಾನೇ ಹುಡುಕಿ, ಕನ್ನಡದಲ್ಲಿ ಬರೆದಿಡಬೇಕೆಂಬುದೇ ಈ ಪತ್ರಿಕೆಯ ಮೂಲಕ ನಾವು ಮಾಡುವ ಬಿನ್ನಹ.

ಬರಹ ಒಂದು, ಬಾಳು ಒಂದು

ನಮ್ಮ ಹಿರಿಯರು ಮನೆಯಲ್ಲಿ ಆಡಿದ ಭಾಷೆ ಕನ್ನಡ. ಅವರ ವಿಷಯವಾಗಿ ದಫ್ತರದಲ್ಲಿ ಬರೆದ ಭಾಷೆ ಮರಾಠಿ. ಜತ್ತ ಮತ್ತು ಅಕ್ಕಲಕೋಟೆಗಳು ೧೯೪೮ರವರೆಗೆ ಮರಾಠಿ ದರ್ಬಾರಿನ ಸಂಸ್ಥಾನಗಳಾಗಿದ್ದವು. ಸೊಲ್ಲಾಪುರವು ೧೮೧೮ರಿಂದ ಇಂಗ್ಲಿಷರ ಆಳಿಕೆಯಲ್ಲಿದ್ದಿತು. ಎರಡೂ ಕಡೆ ಊರ ಲೆಕ್ಕವು ಮೋಡಿ ಲಿಪಿಯಲ್ಲಿ ನಡೆಯಿತು. ಇದರಲ್ಲಿ ಯಾರ ಮೇಲೂ ದೋಷ ಹೊರಿಸಬೇಕಾಗಿಲ್ಲ. ಧಾರವಾಡ, ಬೆಳಗಾವಿಯ ಕಡೆಯ ಕುಲಕರ್ಣಿಗಳೂ ಒಂದು ಕಾಲಕ್ಕೆ ಮೋಡಿಯಲ್ಲಿಯೇ ಬರೆಯುತ್ತಿದ್ದರು. ಬರಹದ ಲಿಪಿಯನ್ನು ನೋಡಿ ಜನರ ಭಾಷೆಯನ್ನು ಅಳೆಯಬಾರದೆಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಆದರೆ ಈ ಬರಹದಲ್ಲಿ ನಮ್ಮವರ ಗುರುತು ಮಾಸಿತು. ಹೊಲದಲ್ಲಿ ಕುರುಬನಾಗಿದ್ದವನು ಕಾಗದದಲ್ಲಿ ಧನಗರನಾದನು. ಗಾಣಿಗನು ತೇಲಿಯಾದನು, ಬಡಿಗನು ಸುತಾರನಾದನು, ಕಂಬಾರನು ಲೋಹಾರನಾದನು, ಅಗಸನು ಪರೀಟನಾದನು, ಊರ ಗೌಡನು ಪಾಟೀಲನಾದನು. ೧೯೫೬ರ ನವೆಂಬರ ೧ರಂದು ವಿಜಾಪುರ, ಧಾರವಾಡ, ಬೆಳಗಾವಿ, ಕಾರವಾರದ ಸೀಮೆಗಳು ಮೈಸೂರು ರಾಜ್ಯವನ್ನು ಸೇರಿದಾಗ ನಮ್ಮ ಹಳ್ಳಿಗಳು ಮುಂಬಯಿ ರಾಜ್ಯದಲ್ಲಿ ಉಳಿದವು. ೧೯೬೦ರ ಮೇ ೧ರಂದು ಮಹಾರಾಷ್ಟ್ರಕ್ಕೆ ಸೇರಿದವು. ಅಕ್ಕಲಕೋಟೆಯನ್ನೂ ಜತ್ತ, ದಕ್ಷಿಣ ಸೊಲ್ಲಾಪುರಗಳ ಅನೇಕ ಹಳ್ಳಿಗಳನ್ನೂ ಕನ್ನಡ ನಾಡಿಗೆ ಸೇರಿಸಬೇಕೆಂದು ೧೯೬೭ರಲ್ಲಿ ಮಹಾಜನ ಆಯೋಗವು ಶಿಫಾರಸು ಮಾಡಿತಾದರೂ ಅದು ಕಾಗದದಲ್ಲಿಯೇ ಉಳಿಯಿತು. ಹೀಗಾಗಿ ಇಂದಿನ ಹುಡುಗನು ಅಜ್ಜನ ಕಾಗದವನ್ನು ಕೈಯಲ್ಲಿ ಹಿಡಿದರೂ ಅದರಲ್ಲಿ ತನ್ನ ಅಜ್ಜನನ್ನು ಗುರುತಿಸಲಾರನು. ಲಿಪಿ ತಿಳಿಯದು, ಲಿಪಿ ತಿಳಿದರೂ ಹೆಸರು ತನ್ನದೆನಿಸದು.

ಇದು ಕೇವಲ ಅಭಿಮಾನದ ಪ್ರಶ್ನೆಯಲ್ಲ

‘ಹೊಟ್ಟೆಯ ಪಾಡು ನೋಡುವುದೋ, ಹಳೆಯ ಕಾಗದ ನೋಡುವುದೋ’ ಎಂದು ಕೆಲವರು ಕೇಳಬಹುದು. ಹೊಟ್ಟೆಯ ಪಾಡಿಗೂ ಈ ಕಾಗದಗಳಿಗೂ ನೇರವಾದ ಸಂಬಂಧವಿದೆಯೆಂಬುದನ್ನು ಅವರು ಗಮನಿಸಬೇಕು. ಮಹಾರಾಷ್ಟ್ರದಲ್ಲಿ ಜಾತಿ ಪ್ರಮಾಣಪತ್ರವನ್ನು ಪಡೆಯಬೇಕಾದರೆ, ಗೊತ್ತುಪಡಿಸಿದ ದಿನಕ್ಕೆ ಮೊದಲೇ ನಮ್ಮ ಹಿರಿಯರು ಆ ರಾಜ್ಯದ ನೆಲದಲ್ಲಿ ನೆಲೆಸಿದ್ದರೆಂದು ತೋರಿಸಬೇಕಾಗುತ್ತದೆ. ಪರಿಶಿಷ್ಟ ಜಾತಿಯವರಿಗೆ ಆ ದಿನ ೧೯೫೦ರ ಆಗಸ್ಟ ೧೦. ವಿಮುಕ್ತ ಮತ್ತು ಅಲೆಮಾರಿ ಜಾತಿಗಳವರಿಗೆ ೧೯೬೧ರ ನವೆಂಬರ ೨೧. ಇತರ ಹಿಂದುಳಿದ ವರ್ಗದವರಿಗೆ ೧೯೬೭ರ ಅಕ್ಟೋಬರ ೧೩. ನೂರಾರು ವರ್ಷಗಳಿಂದ ಇದೇ ಮಣ್ಣಿನಲ್ಲಿ ದುಡಿದ ಮನೆತನದ ಮಗನು, ಅಜ್ಜನ ಹೆಸರಿನ ಒಂದು ಚೀಟಿ ಸಿಕ್ಕದ್ದಕ್ಕಾಗಿ ಹೊರಗಿನಿಂದ ಬಂದವನಂತೆ ಕಚೇರಿಯ ಬಾಗಿಲಲ್ಲಿ ನಿಲ್ಲುವುದು ಸಣ್ಣ ಅನ್ಯಾಯವಲ್ಲ.

೨೦೨೩ರಲ್ಲಿ ಮರಾಠಾ ಸಮಾಜದ ಮೀಸಲಾತಿಯ ಚಳವಳಿ ಎದ್ದಾಗ ಆ ಸರಕಾರವು ಒಂದು ಸಮಿತಿಯನ್ನು ನೇಮಿಸಿ, ಹಳೆಯ ದಫ್ತರಗಳಲ್ಲಿ ‘ಕುಣಬಿ’ ಎಂಬ ನಮೂದನ್ನು ಹುಡುಕಿಸಿತು. ಮೋಡಿ ಬಲ್ಲವರಿಗೆ ಆಗ ಎಲ್ಲಿಲ್ಲದ ಬೆಲೆ ಬಂದಿತು. ಧೂಳು ತಿನ್ನುತ್ತಿದ್ದ ಒಂದು ಶಬ್ದವು ಸಾವಿರಾರು ಮನೆತನಗಳ ಭವಿಷ್ಯವನ್ನು ಹೇಗೆ ತಿರುಗಿಸಬಲ್ಲುದೆಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಇದರಿಂದ ಪಾಠ ಕಲಿಯದಿದ್ದರೆ ತಪ್ಪು ನಮ್ಮದೇ.

ಎಲ್ಲಿ ಹುಡುಕಬೇಕು?

ಮೊದಲನೆಯದಾಗಿ ಮನೆಯಲ್ಲಿ. ಅಟ್ಟದ ಮೇಲಿನ ಪೆಟ್ಟಿಗೆ, ದೇವರ ಮಾಡದ ಹಿಂದಿನ ಬಟ್ಟೆಯ ಗಂಟು, ಗೋಡೆಯ ಗೂಡು, ಇವುಗಳಲ್ಲಿ ಖರೀದಿ ಪತ್ರ, ಸಾಲದ ಚೀಟಿ, ಕಂದಾಯದ ಪಾವತಿ, ಲಗ್ನಪತ್ರಿಕೆ ಸಿಕ್ಕುವುವು. ಓದಲು ಬಾರದೆಂದು ಯಾವುದನ್ನೂ ಒಲೆಗೆ ಹಾಕತಕ್ಕದ್ದಲ್ಲ. ಸಾಲದ ಚೀಟಿಯೊಂದರಲ್ಲಿ ಅಜ್ಜನ ಹೆಸರು, ಆತನ ತಂದೆಯ ಹೆಸರು, ಊರು, ಒತ್ತೆ ಇಟ್ಟ ಹೊಲದ ಗುರುತು, ಸಾಕ್ಷಿ ಹಾಕಿದ ನೆರೆಯವನ ಹೆಸರು ಎಲ್ಲವೂ ಇರುತ್ತವೆ. ಆ ವರ್ಷ ಮನೆಗೆ ಬಂದ ಕಷ್ಟವೂ ಅದರಲ್ಲಿಯೇ ಇರುತ್ತದೆ.

ಎರಡನೆಯದು ಶಾಲೆ. ಹಳೆಯ ಕನ್ನಡ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಹುಡುಗನ ಹೆಸರು, ತಂದೆಯ ಹೆಸರು, ಜಾತಿ, ಹುಟ್ಟಿದ ದಿನ, ಶಾಲೆಗೆ ಸೇರಿದ ಹಾಗೂ ಬಿಟ್ಟ ದಿನಗಳು ಇರುವುವು. ನಮ್ಮ ಹಿರಿಯರು ಮಕ್ಕಳನ್ನು ಯಾವ ಭಾಷೆಯ ಶಾಲೆಗೆ ಕಳುಹಿದರೆಂಬುದಕ್ಕೆ ಅದಕ್ಕಿಂತ ನಿಚ್ಚಳವಾದ ಸಾಕ್ಷಿ ಇಲ್ಲ. ಜನಗಣತಿಯಿಂದ ಈ ಕೆಲಸ ಆಗದು. ಅದು ಊರಿನಲ್ಲಿ ಕನ್ನಡಿಗರು ಎಷ್ಟೆಂದು ಲೆಕ್ಕ ಕೊಟ್ಟೀತೇ ಹೊರತು ನಿಮ್ಮ ಅಜ್ಜಿಯ ಹೆಸರನ್ನು ಹೇಳಲಾರದು.

ಮೂರನೆಯದು ಊರ ಚಾವಡಿ ಮತ್ತು ತಹಸೀಲ ಕಚೇರಿ. ಸಾತ್‌ಬಾರಾ ಉತಾರವನ್ನು ನಾವೆಲ್ಲ ಬಲ್ಲೆವು. ಆದರೆ ಚರಿತ್ರೆ ಅಡಗಿರುವುದು ಫೇರಫಾರ ಪುಸ್ತಕದಲ್ಲಿ. ಮುಂಬಯಿ ಇಲಾಖೆಯಲ್ಲಿ ೧೯೦೩ರ ಕಾಯಿದೆಯಿಂದ ಹಕ್ಕುಪತ್ರಕದ ಬರಹ ಮೊದಲಾಯಿತು. ಒಬ್ಬನು ತೀರಿಕೊಂಡಾಗ ಹೊಲ ಯಾರ ಹೆಸರಿಗೆ ಏರಿತು, ವಿಧವೆ ಯಾರು, ಮಕ್ಕಳು ಎಷ್ಟು ಎಂಬುದೆಲ್ಲ ಆ ನಮೂದುಗಳಲ್ಲಿದೆ. ಕೋತವಾಲನ ಪುಸ್ತಕವೆಂದು ಕರೆಯುವ ಜನನ ಮರಣದ ದಾಖಲೆಯಲ್ಲಿ ಹೊಲವಿಲ್ಲದವರ ಹೆಸರೂ ದೊರೆಯುತ್ತದೆ. ಅರ್ಜಿ ಬರೆದು ನಕ್ಕಲು ಕೇಳುವುದು ನಮ್ಮ ಹಕ್ಕು. ೨೦೦೫ರ ಮಾಹಿತಿ ಹಕ್ಕಿನ ಕಾಯಿದೆಯೂ ನಮ್ಮ ಬೆಂಬಲಕ್ಕಿದೆ. ಇನಾಮು, ವತನಗಳಿದ್ದ ಮನೆತನಗಳು ಇನ್ನೂ ಹಿಂದೆ ಹೋಗಬಲ್ಲವು. ೧೮೫೨ರ ಕಾಯಿದೆಯಂತೆ ಇನಾಮು ಆಯೋಗವು ವಿಚಾರಣೆ ನಡೆಸಿದಾಗ ಇನಾಮುದಾರರು ತಮ್ಮ ವಂಶಾವಳಿಗಳನ್ನು ಬರೆದುಕೊಡಬೇಕಾಗಿತ್ತು.

ನಾಲ್ಕನೆಯದು ಹೆಳವರು. ಸುಗ್ಗಿಯ ಮೇಲೆ ಎತ್ತನ್ನೇರಿ ಬಂದು, ಅಂಗಳದಲ್ಲಿ ನಿಂತು, ಮನೆತನದ ಮೂಲವನ್ನೂ ತಲೆಮಾರುಗಳ ಹೆಸರನ್ನೂ ಹೇಳಿ, ಕಾಳು ಬಟ್ಟೆ ಪಡೆದು ಹೋಗುವ ಹೆಳವರನ್ನು ಹಿರಿಯರೆಲ್ಲ ಬಲ್ಲರು. ರಾಜ್ಯಗಳ ಎಲ್ಲೆ ಅವರ ಎತ್ತಿಗೆ ತಿಳಿಯದು. ಈಗ ಅವರ ಮಕ್ಕಳು ಬೇರೆ ಕಸುಬು ಹಿಡಿಯುತ್ತಿದ್ದಾರೆ. ಅದು ತಪ್ಪೂ ಅಲ್ಲ. ಆದರೆ ಮುಂದೆ ನಿಮ್ಮ ಬಾಗಿಲಿಗೆ ಹೆಳವನು ಬಂದರೆ ಭಿಕ್ಷುಕನೆಂದು ಸಾಗಹಾಕದೆ, ಕೂಡಿಸಿ, ನೀರು ಕೊಟ್ಟು, ಹೇಳಿಸಿ ಬರೆದುಕೊಳ್ಳಿರಿ. ಆತ ಹೇಳುವುದರಲ್ಲಿ ಹೊಗಳಿಕೆಯೂ ಬೆರೆತಿದ್ದೀತು; ಹೆಸರುಗಳನ್ನು ಕಾಗದದೊಡನೆ ಹೋಲಿಸಿ ನೋಡಿದರೆ ಕಾಳು ಜೊಳ್ಳು ಬೇರೆಯಾಗುವುವು.

ಕಾಸರಗೋಡು, ತಾಳವಾಡಿ, ಹೊಸೂರು, ರಾಯದುರ್ಗ, ಆದವಾನಿ, ಮಡಕಶಿರಾ ಸೀಮೆಗಳ ಬಂಧುಗಳಿಗೂ ಈ ಮಾತು ಸಲ್ಲುತ್ತದೆ. ಅವೆಲ್ಲ ಹಿಂದಿನ ಮದರಾಸು ಇಲಾಖೆಯ ನೆಲಗಳಾದ್ದರಿಂದ ಅಲ್ಲಿ ಸಾತ್‌ಬಾರಾದ ಬದಲು ಅಡಂಗಲ್ಲನ್ನೂ ಸೆಟಲ್‌ಮೆಂಟ್ ರಿಜಿಸ್ಟರನ್ನೂ ನೋಡಬೇಕು. ದಾಖಲೆಯ ಹೆಸರು ಬೇರೆ, ಕೆಲಸ ಒಂದೇ.

ಕಾಗದದಲ್ಲಿ ಇಲ್ಲದವರು

ಕಾಗದವು ಹೊಲವುಳ್ಳವನ ಮಿತ್ರ. ಕೂಲಿಯವರನ್ನೂ ಹೆಣ್ಣುಮಕ್ಕಳನ್ನೂ ಅದು ಎಷ್ಟೋ ಸಲ ಕಂಡೂ ಕಾಣದಂತೆ ಹೋಗುತ್ತದೆ. ನಮ್ಮ ಚರಿತ್ರೆಯು ಗೌಡ ಕುಲಕರ್ಣಿಗಳ ಚರಿತ್ರೆ ಮಾತ್ರ ಆಗಬಾರದಾದರೆ ಇಲ್ಲಿ ಹೆಚ್ಚು ಶ್ರಮ ಬೇಕು. ೧೯೫೭ರ ಏಪ್ರಿಲ ೧ರಂದು ಉಳುವವನೇ ಒಡೆಯನೆಂಬ ನಿಯಮ ಜಾರಿಗೆ ಬಂದಾಗ ಅನೇಕ ಗೇಣಿದಾರರ ಹೆಸರು ದಫ್ತರಕ್ಕೆ ಏರಿತು. ೧೯೫೮ರ ಕಾಯಿದೆಯಿಂದ ಊರ ಕೆಳಗಿನ ಚಾಕರಿಯ ವತನಗಳು ರದ್ದಾದಾಗ, ತಲೆತಲಾಂತರದಿಂದ ಊರ ಕಾವಲು ಕಾಯ್ದ, ಓಲೆ ಮುಟ್ಟಿಸಿದ ಹೊಲೆಯ ಬಂಧುಗಳ ಹೆಸರುಗಳು ವಿಚಾರಣೆಯ ಕಾಗದಗಳಲ್ಲಿ ಸೇರಿದವು. ಊರನ್ನು ಕಾಯ್ದವರ ಹೆಸರನ್ನು ಊರೇ ಮರೆಯುವುದು ನಾಚಿಕೆಯ ಮಾತಲ್ಲವೆ?

ಹೆಣ್ಣುಮಕ್ಕಳ ದಫ್ತರವು ಮುದುಕಿಯರ ನಾಲಗೆಯಲ್ಲಿದೆ. ಯಾವ ಊರಿನಿಂದ ಸೊಸೆ ತಂದರು, ಯಾವ ಊರಿಗೆ ಮಗಳನ್ನು ಕೊಟ್ಟರು, ಎಷ್ಟು ಹಡೆದರು, ಎಷ್ಟು ಉಳಿದವು ಎಂಬುದನ್ನು ಅವರು ಬಲ್ಲರು. ಇಸವಿಯನ್ನು ಕೇಳಿದರೆ ಅವರು ಹೇಳಲಾರರು, ಬರವನ್ನು ಕೇಳಿರಿ. ‘ನಮ್ಮ ಅತ್ತೆಯ ಅತ್ತೆ ಧಾತು ಈಶ್ವರ ಬರದಲ್ಲಿ ಬಂದವಳು’ ಎಂದರೆ ಅದು ೧೮೭೬-೭೮ರ ಮಾತು. ಪ್ಲೇಗು ಎಂದರೆ ೧೮೯೬ರ ಅನಂತರದ ವರ್ಷಗಳು. ಇನ್‌ಫ್ಲುಯೆಂಜಾ ಬೇನೆ ಎಂದರೆ ೧೯೧೮. ಕಲ್ಲು ಒಡೆಯುವ ಕಾಮಗಾರಿಯ ಬರವೆಂದರೆ ಬಹುಮಟ್ಟಿಗೆ ೧೯೭೨. ಸಂವತ್ಸರದ ಹೆಸರು ೬೦ ವರ್ಷಕ್ಕೊಮ್ಮೆ ಮರಳಿ ಬರುವುದರಿಂದ ಎಚ್ಚರ ಬೇಕು. ೧೮೭೬ರ ಧಾತುವು ೧೯೩೬ರಲ್ಲಿಯೂ ಬಂದಿತ್ತು. ಕಾಗದದಲ್ಲಿ ಶಕೆಯಿದ್ದರೆ ೭೮ನ್ನು, ಫಸಲಿಯಿದ್ದರೆ ೫೯೦ನ್ನು ಕೂಡಿಸಿದರೆ ಹೆಚ್ಚುಕಡಿಮೆ ಇಸವಿ ದೊರೆಯುತ್ತದೆ. ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ನಮ್ಮ ವಾಡಿಕೆ. ಮಲ್ಲಪ್ಪನ ಮಗ ಶಿವಪ್ಪ, ಶಿವಪ್ಪನ ಮಗ ಮಲ್ಲಪ್ಪ ಎಂದು ಹೆಸರುಗಳು ಸುತ್ತುತ್ತಿರುವಲ್ಲಿ, ಹೊಲದ ಸರ್ವೇ ನಂಬರನ್ನೂ ಅಣ್ಣತಮ್ಮಂದಿರ ಹೆಸರನ್ನೂ ನೋಡದೆ ನಿರ್ಣಯಕ್ಕೆ ಬರಬಾರದು.

ಸತ್ಯಕ್ಕೆ ಅಂಜಬಾರದು

ಹುಡುಕುತ್ತ ಹೋದಂತೆ ನಮಗೆ ಬೇಡವಾದುದೂ ಸಿಕ್ಕೀತು. ನಮ್ಮ ಹಿರಿಯರು ಈ ಊರಿನವರೇ ಅಲ್ಲ, ಬರದಲ್ಲಿ ಇಂಡಿಯ ಕಡೆಯಿಂದ ಬಂದವರೆಂದು ತಿಳಿದೀತು. ಮನೆಯ ಹಿರಿಯ ಸೊಸೆ ಮರಾಠಿ ಮಾತಾಡುವವಳಾಗಿದ್ದಳೆಂದು ಕಂಡೀತು. ಇದ್ದುದನ್ನು ಇದ್ದಂತೆಯೇ ಬರೆಯಬೇಕು. ಸೊಲ್ಲಾಪುರದ ಪದ್ಮಶಾಲಿ ನೇಕಾರರು ತೆಲುಗು ನಾಡಿನಿಂದ ಬಂದು ಅಲ್ಲಿಯವರೇ ಆದರು; ಅದರಿಂದ ಯಾರ ಮಾನವೂ ಕುಂದಲಿಲ್ಲ. ಗಡಿನಾಡೆಂದರೆ ಬೆರೆತು ಬಾಳಿದ ನಾಡು. ಅಜ್ಜನ ಕಾಗದದಲ್ಲಿ ಒಂದು ಅಕ್ಷರವನ್ನು ತಿದ್ದಿದರೂ ನಾಳೆ ಹತ್ತು ನಿಜವಾದ ಕಾಗದಗಳನ್ನು ಜನ ನಂಬಲಾರರು. ಕನ್ನಡದ ಹಕ್ಕು ಸುಳ್ಳಿನ ಊರುಗೋಲು ಬೇಡುವಷ್ಟು ಬಡವಾಗಿಲ್ಲ.

ವಂಶಾವಳಿ ಬರೆದರೆ ಆಸ್ತಿಯ ಜಗಳ ಏಳುವುದೆಂದು ಅಂಜುವವರೂ ಇದ್ದಾರೆ. ಜಗಳವು ಹುಟ್ಟುವುದು ಮರೆಮಾಚುವುದರಿಂದ. ಇನ್ನು ಕೆಲವರು ಇದನ್ನು ಕುಲದ ಹೆಚ್ಚುಗಾರಿಕೆಗೆ ಬಳಸಬಯಸಬಹುದು. ಅಂಥವರಿಗೆ ನಾವು ಹೇಳುವುದಿಷ್ಟೇ: ಮೂರು ತಲೆಮಾರು ಹಿಂದೆ ಹೋದರೆ ಸಾಲದ ಚೀಟಿಗೆ ಹೆಬ್ಬೆಟ್ಟು ಒತ್ತದ ಮನೆ ಅಪರೂಪ.

ಮಾಡತಕ್ಕ ಕೆಲಸ

ಮನೆಗೊಂದು ಗಟ್ಟಿ ರಟ್ಟಿನ ಪುಸ್ತಕ ತರಿಸಿರಿ. ಮೊದಲ ಪುಟದಲ್ಲಿ ಮನೆಯ ಅತಿ ಹಿರಿಯರು ಹೇಳಿದ್ದನ್ನು, ಹೇಳಿದವರ ಹೆಸರು ಮತ್ತು ದಿನದೊಡನೆ, ಅವರ ಮಾತಿನಲ್ಲಿಯೇ ಬರೆಯಿರಿ. ಸಿಕ್ಕ ಕಾಗದಗಳ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು, ಮೂಲವನ್ನು ಬಟ್ಟೆಯಲ್ಲಿ ಸುತ್ತಿ ಇಡಿರಿ, ಯಾರಿಗೂ ಕೊಡಬೇಡಿರಿ. ದಫ್ತರದಲ್ಲಿ ಹೆಸರು ಹೇಗಿದೆಯೋ ಹಾಗೆ ಒಂದು ಸಾಲು, ಮನೆಯಲ್ಲಿ ಕರೆಯುತ್ತಿದ್ದ ಹೆಸರು ಅದರ ಕೆಳಗೆ ಒಂದು ಸಾಲು ಬರೆಯಿರಿ. ಪುಸ್ತಕದ ಎರಡನೆಯ ಪ್ರತಿಯನ್ನು ಬೇರೆ ಊರಿನ ಮಗಳ ಮನೆಯಲ್ಲಿರಿಸಿರಿ. ಕನ್ನಡ ಶಾಲೆಯ ಗುರುಗಳು ಮೇಲಿನ ತರಗತಿಯ ಮಕ್ಕಳಿಗೆ ಇದನ್ನೇ ರಜೆಯ ಅಭ್ಯಾಸವಾಗಿ ಕೊಡಲಿ. ಪ್ರತಿ ಊರಿನ ಇಬ್ಬರು ತರುಣರಾದರೂ ಮೋಡಿಯನ್ನು ಕಲಿಯಲಿ. ನಮ್ಮ ಅಜ್ಜಂದಿರು ಆ ಅಕ್ಷರದ ಸೆರೆಯಲ್ಲಿದ್ದಾರೆ.

ಎಲ್ಲೆಯ ತೀರ್ಮಾನ ಯಾವಾಗ ಆಗುವುದೋ, ಅದು ನಮ್ಮ ಕೈಯಲ್ಲಿಲ್ಲ. ಈ ಕೆಲಸ ಮಾತ್ರ ನಮ್ಮ ಕೈಯಲ್ಲಿದೆ. ಇದಕ್ಕೆ ಸರಕಾರದ ಅಪ್ಪಣೆ ಬೇಡ, ಆಯೋಗದ ಶಿಫಾರಸು ಬೇಡ. ಬೇಕಾದುದು ಒಂದು ಪುಸ್ತಕ, ಒಂದು ಲೇಖನಿ, ಮತ್ತು ಮುದುಕರ ಹತ್ತಿರ ಕುಳಿತು ಕೇಳುವ ತಾಳ್ಮೆ. ಹೇಳುವವರು ವರ್ಷದಿಂದ ವರ್ಷಕ್ಕೆ ಕಡಮೆಯಾಗುತ್ತಿದ್ದಾರೆ. ಬರುವ ಯುಗಾದಿಯೊಳಗೆ ಗಡಿನಾಡಿನ ಪ್ರತಿ ಕನ್ನಡ ಮನೆಯಲ್ಲಿಯೂ ಈ ಪುಸ್ತಕದ ಮೊದಲ ಪುಟವಾದರೂ ತುಂಬಿರಲೆಂದು ನಾವು ಕೇಳಿಕೊಳ್ಳುತ್ತೇವೆ.