ಮಗನಿಗಷ್ಟೇ ಅಲ್ಲ, ಮನೆಗೂ ಬೇಕು ಆಪ್ತಸಲಹೆ

ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೇ ಎರಡನೆಯವನಾಗಿ ಪಾಸಾದ ಹುಡುಗ. ಪಿ.ಯು.ಸಿ. ಮೊದಲ ವರ್ಷದ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಭೌತಶಾಸ್ತ್ರ, ಗಣಿತ ಎರಡರಲ್ಲೂ ನಪಾಸು. ಅಂಕಪಟ್ಟಿಗೆ ಅಪ್ಪನ ಸಹಿಯನ್ನು ತಾನೇ ಹಾಕಿಕೊಂಡ. ಟ್ಯೂಷನ್‌ಗೆಂದು ಮನೆ ಬಿಟ್ಟವನು ಬಸ್‌ ನಿಲ್ದಾಣದ ಹಿಂದೆ ಸಿಗರೇಟು ಸೇದುತ್ತಿದ್ದುದನ್ನು ಪಕ್ಕದ ಮನೆಯವರು ನೋಡಿ ಬಂದು ಹೇಳಿದರು. ಅಂದಿನಿಂದ ಮನೆಯಲ್ಲಿ ದಿನವೂ ಕೂಗಾಟ. ಮೊಬೈಲ್‌ ಕಿತ್ತುಕೊಂಡರೆ ಎಲ್ಲ ಸರಿಹೋಗುತ್ತದೆಂದು ಅಪ್ಪ, ಯಾರದೋ ಕಣ್ಣು ಬಿದ್ದಿದೆಯೆಂದು ಅಮ್ಮ. ಅಜ್ಜಿ ಹರಕೆ ಹೊತ್ತರು. ಹುಡುಗ ಕೋಣೆಯ ಬಾಗಿಲು ಹಾಕಿಕೊಂಡ. ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳಲಿಲ್ಲ: 'ಏನಾಯ್ತಪ್ಪಾ?'

ಈ ಹುಡುಗನಿಗೆ ಹೆಸರು ಬೇಡ. ಇಂಥವನು ಯಾವ ಊರಿನಲ್ಲೂ, ಯಾವ ಬೀದಿಯಲ್ಲೂ ಸಿಗುತ್ತಾನೆ. ಅವನ ಜಾಗದಲ್ಲಿ ಹುಡುಗಿಯೂ ಇರಬಹುದು. 2015-16ರಲ್ಲಿ ನಿಮ್ಹಾನ್ಸ್‌ ನೇತೃತ್ವದಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, 13ರಿಂದ 17 ವರ್ಷದ ಮಕ್ಕಳಲ್ಲಿ ಶೇ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ಅರವತ್ತು ಮಕ್ಕಳ ಒಂದು ತರಗತಿಗೆ ಈ ಲೆಕ್ಕ ಹಾಕಿದರೆ ಸುಮಾರು ನಾಲ್ವರು. ಹಾಜರಿ ಕೂಗುವಾಗ ಆ ನಾಲ್ವರೂ 'ಎಸ್‌ ಸಾರ್‌' ಎನ್ನುತ್ತಾರೆ. ಆದ್ದರಿಂದಲೇ ಅವರು ಯಾರ ಕಣ್ಣಿಗೂ ಬೀಳುವುದಿಲ್ಲ.

ಹರೆಯದಲ್ಲಿಯೇ ಏಕೆ ಹೀಗೆ? ಉತ್ತರ ಮಿದುಳಿನ ಬೆಳವಣಿಗೆಯಲ್ಲಿದೆ. ಮಿದುಳಿನ ಎಲ್ಲ ಭಾಗಗಳೂ ಒಟ್ಟಿಗೆ ಬಲಿಯುವುದಿಲ್ಲ. ಕೋಪ, ಭಯ, ಸಂತೋಷಗಳಿಗೆ ಸಂಬಂಧಿಸಿದ ಒಳಭಾಗಗಳು ಹರೆಯದ ಆರಂಭದಲ್ಲೇ ಚುರುಕಾಗುತ್ತವೆ. ಹಣೆಯ ಹಿಂದಿರುವ ಮುಂಭಾಗ, ಅಂದರೆ ಮುಂದಾಲೋಚನೆ ಮಾಡುವ, 'ಸ್ವಲ್ಪ ತಾಳು' ಎನ್ನುವ ಭಾಗ, ಪೂರ್ತಿ ಬಲಿಯಲು ಸುಮಾರು 25 ವರ್ಷ ಬೇಕು. ಎಂಜಿನ್‌ ಜೋರಾಗಿದ್ದು ಬ್ರೇಕು ಇನ್ನೂ ಜೋಡಣೆಯಾಗುತ್ತಿರುವ ಗಾಡಿಯಂತೆ. ನಿದ್ರೆ ತರಿಸುವ ಮೆಲಟೋನಿನ್‌ ಕೂಡ ಈ ವಯಸ್ಸಿನಲ್ಲಿ ರಾತ್ರಿ ತಡವಾಗಿ ಸ್ರವಿಸುತ್ತದೆ. 'ರಾತ್ರಿ ಮಲಗೊಲ್ಲ, ಬೆಳಿಗ್ಗೆ ಏಳೊಲ್ಲ' ಎಂಬ ದೂರಿನಲ್ಲಿ ಸೋಮಾರಿತನದ ಪಾಲು ಎಷ್ಟು, ಶರೀರಧರ್ಮದ ಪಾಲು ಎಷ್ಟು ಎಂದು ತಂದೆ-ತಾಯಿ ಒಮ್ಮೆ ಯೋಚಿಸಬೇಕು.

ಹಾಗೆಂದು ಎಲ್ಲ ಮುನಿಸೂ ಕಾಯಿಲೆಯಲ್ಲ. ಎರಡು ದಿನದ ಸಿಡುಕು ತಾನಾಗಿಯೇ ಇಳಿಯುತ್ತದೆ. ಆದರೆ ಎರಡು ವಾರ ಕಳೆದರೂ ಮಗು ಸರಿಯಾಗಿ ಊಟ-ನಿದ್ರೆ ಮಾಡದಿದ್ದರೆ, ಪ್ರೀತಿಯ ಆಟವನ್ನೂ ಬಿಟ್ಟರೆ, ಸ್ನೇಹಿತರಿಂದ ದೂರ ಸರಿದರೆ, ಅಂಕಗಳು ಏಕಾಏಕಿ ಕುಸಿದರೆ, ಮನೆಯ ಹಣ ಕಾಣೆಯಾಗತೊಡಗಿದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. 'ನಾನಿಲ್ಲದಿದ್ದರೇ ಎಲ್ಲರಿಗೂ ನೆಮ್ಮದಿ' ಎಂಬ ಮಾತು ಬಂದರಂತೂ ಎರಡು ವಾರ ಕಾಯುವಂತಿಲ್ಲ, ಎರಡು ಗಂಟೆಯೂ ಕಾಯುವಂತಿಲ್ಲ. ಸಾಯುವ ಯೋಚನೆ ಬರುತ್ತಿದೆಯೇ ಎಂದು ಮೃದುವಾಗಿ, ನೇರವಾಗಿಯೇ ಕೇಳಬೇಕು. ಕೇಳಿದ್ದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ, ಬದಲಿಗೆ ಮಗುವಿನ ಎದೆಯ ಭಾರ ಇಳಿಯಬಹುದು. ಅಂಥ ಹೊತ್ತಿನಲ್ಲಿ ಮಗುವನ್ನು ಒಂಟಿಯಾಗಿ ಬಿಡಬಾರದು. ಹೊಲಕ್ಕೆ ತಂದ ಕೀಟನಾಶಕ, ಮನೆಯಲ್ಲಿರುವ ಮಾತ್ರೆಗಳನ್ನು ಬೀಗದೊಳಗಿಡಬೇಕು.

ಆಪ್ತಸಲಹೆ ಎಂದೊಡನೆ ಬಹಳ ಮಂದಿ ಪೋಷಕರು ಮಗನನ್ನು ಯಾರೋ ಒಬ್ಬರ ಮುಂದೆ ಕೂರಿಸಿ, 'ಸ್ವಲ್ಪ ಬುದ್ಧಿ ಹೇಳಿ' ಎಂದು ಹೊರಗೆ ಕಾಯುತ್ತಾರೆ. ಸೈಕಲ್‌ ರಿಪೇರಿಗೆ ಬಿಟ್ಟ ಹಾಗೆ! ಆಪ್ತಸಲಹೆ ಬುದ್ಧಿವಾದವಲ್ಲ. ಬುದ್ಧಿವಾದ ಆ ಮಗುವಿಗೆ ಮನೆಯಲ್ಲಿಯೇ ಬೇಕಾದಷ್ಟು ಸಿಕ್ಕಿರುತ್ತದೆ. ಸಲಹೆಗಾರರು ಮೊದಲು ಮಗುವಿನ ಮಾತನ್ನು ಕೇಳುತ್ತಾರೆ. ಆಮೇಲೆ ತಂದೆ-ತಾಯಿಯ ಜೊತೆ ಮಾತು. ಕೊನೆಗೆ ಮೂವರನ್ನೂ ಒಟ್ಟಿಗೆ ಕೂರಿಸಿ, ಒಬ್ಬರು ಮಾತಾಡುವಾಗ ಇನ್ನೊಬ್ಬರು ಸುಮ್ಮನೆ ಕೇಳುವ ಅಭ್ಯಾಸ ಮಾಡಿಸುತ್ತಾರೆ. ಮನೆಯ ಜಗಳ, ಸಾಲ, ಅಪ್ಪನ ಕುಡಿತ, ಅಣ್ಣನೊಂದಿಗಿನ ಹೋಲಿಕೆ ಹೊರಬರುವುದು ಆಗಲೇ.

ಚಿಕಿತ್ಸೆಯಲ್ಲಿ ಮನೆಯವರೂ ಪಾಲುದಾರರು ಎಂಬುದನ್ನು ನಮ್ಮ ದೇಶ ಬಹಳ ಹಿಂದೆಯೇ ಕಂಡುಕೊಂಡಿದೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್‌ ಅವರು ರೋಗಿಗಳ ಬಂಧುಗಳಿಗೆ ಆಸ್ಪತ್ರೆಯ ಆವರಣದಲ್ಲಿಯೇ ಡೇರೆ ಹಾಕಿಸಿ ಜೊತೆಯಲ್ಲಿ ಉಳಿಸಿಕೊಂಡರು. ಮನೆಯವರು ಕಾಯಿಲೆಯನ್ನು ಹತ್ತಿರದಿಂದ ಅರಿತರು, ಆರೈಕೆ ಮಾಡುವುದನ್ನು ಕಲಿತರು. ಭಯವೂ ಕಡಿಮೆಯಾಯಿತು.

ಇದಕ್ಕೆಲ್ಲ ದೊಡ್ಡ ಊರಿಗೆ ಓಡಬೇಕು, ಕೈತುಂಬ ಹಣ ಬೇಕು ಎಂಬುದು ಇನ್ನೊಂದು ಅಂಜಿಕೆ. ಈ ಅಂಜಿಕೆಗೆ ಉತ್ತರ ಕೊಟ್ಟ ಜಿಲ್ಲೆ ನಮ್ಮ ಬಳ್ಳಾರಿಯೇ. 1985ರಲ್ಲಿ ನಿಮ್ಹಾನ್ಸ್‌ ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮಾನಸಿಕ ಚಿಕಿತ್ಸೆಯನ್ನು ಹಳ್ಳಿಯ ಬಾಗಿಲಿಗೆ ತಂದಿತು. ಆ ಪ್ರಯೋಗದ ಮಾದರಿಯಲ್ಲೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಾಲ್ಕು ಜಿಲ್ಲೆಗಳಲ್ಲಿ ಆರಂಭವಾಗಿ, ಮುಂದೆ ದೇಶದಾದ್ಯಂತ ಹರಡಿತು. 2014ರಲ್ಲಿ ಕರ್ನಾಟಕದಲ್ಲಿ ಶುರುವಾದ 'ಮನೋಚೈತನ್ಯ' ಕಾರ್ಯಕ್ರಮ ಮಂಗಳವಾರಗಳಂದು ಮನೋವೈದ್ಯರನ್ನು ತಾಲ್ಲೂಕು ಆಸ್ಪತ್ರೆಗೆ ಕರೆತಂದಿತು. 10ರಿಂದ 19 ವರ್ಷದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ 'ಸ್ನೇಹ' ಕ್ಲಿನಿಕ್‌ಗಳಿವೆ. ಯಾವ ದಿನ, ಯಾವ ಹೊತ್ತಿಗೆ ಎಂಬುದನ್ನು ಹತ್ತಿರದ ಆಸ್ಪತ್ರೆಯಲ್ಲಿ ವಿಚಾರಿಸಿಕೊಂಡರಾಯಿತು.

ಹೊರಗೆ ಹೋಗಲು ಸಂಕೋಚವಾದರೆ ಫೋನ್‌ ಇದೆ. 2022ರ ಅಕ್ಟೋಬರ್‌ 10ರಂದು ಆರಂಭವಾದ 'ಟೆಲಿ ಮಾನಸ್‌' ಸೇವೆಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು, ಖರ್ಚಿಲ್ಲ. ಮೊದಲು ತರಬೇತಾದ ಸಲಹೆಗಾರರು ಮಾತಾಡುತ್ತಾರೆ, ಅಗತ್ಯವಿದ್ದರೆ ತಜ್ಞರಿಗೆ ಒಪ್ಪಿಸುತ್ತಾರೆ. ಮಗುವೇ ಕರೆ ಮಾಡಬೇಕೆಂದಿಲ್ಲ, ದಿಕ್ಕು ತೋಚದ ತಾಯಿ-ತಂದೆಯೂ ಮಾಡಬಹುದು. ಮನೆಯಲ್ಲೇ ಹೊಡೆತ, ಹಿಂಸೆ ಇದ್ದರೆ 18 ವರ್ಷದೊಳಗಿನ ಮಕ್ಕಳಿಗೆ 1098 ಇದೆ.

'ಹುಚ್ಚರ ಡಾಕ್ಟರ ಹತ್ತಿರ ಹೋದರಂತೆ' ಎಂದು ನಾಲ್ಕು ಜನ ಆಡಿಕೊಂಡರೆ? ನಾಳೆ ಮದುವೆಯ ಮಾತು ಬಂದಾಗ? ಈ ಹೆದರಿಕೆ ನಿಜವಾದದ್ದೇ, ಅದನ್ನು ಹಗುರ ಮಾಡುವಂತಿಲ್ಲ. ಆದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಚಿಕಿತ್ಸೆಯ ವಿವರವನ್ನು ಗುಟ್ಟಾಗಿಡುವ ಹಕ್ಕನ್ನು ಕೊಟ್ಟಿದೆ. ಜೀವಕ್ಕೆ ಅಪಾಯವಿರುವಂಥ ಕೆಲವೇ ಸಂದರ್ಭಗಳಲ್ಲಿ ಮಾತ್ರ ಅದಕ್ಕೆ ವಿನಾಯಿತಿ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಆ ಕಾಯಿದೆ ಭಾವಿಸುತ್ತದೆ. ಅವರಿಗೆ ಬೇಕಾದದ್ದು ಆರೈಕೆ, ಶಿಕ್ಷೆಯಲ್ಲ. ಜ್ವರಕ್ಕೆ ಡಾಕ್ಟರ ಹತ್ತಿರ ಹೋಗಲು ನಾಚದವರು ಮನಸ್ಸಿನ ನೋವಿಗೆ ಏಕೆ ನಾಚಬೇಕು?

ಇನ್ನು ಆ ಹುಡುಗನ ವಿಷಯ. ಕಾಲೇಜಿನ ಉಪನ್ಯಾಸಕರೊಬ್ಬರು ಹೇಳಿದ ಮೇಲೆ ಮೂವರೂ ತಾಲ್ಲೂಕು ಆಸ್ಪತ್ರೆಗೆ ಹೋದರು. ವಿಜ್ಞಾನ ತನಗೆ ಬೇಡವಾಗಿತ್ತು, ಇಂಗ್ಲಿಷಿನಲ್ಲಿ ಹೇಳುವ ಪಾಠ ಮೊದಲ ತಿಂಗಳಿನಿಂದಲೇ ಅರ್ಥವಾಗುತ್ತಿರಲಿಲ್ಲ, ಸಾಲ ಮಾಡಿ ಫೀಸು ಕಟ್ಟಿದ ಅಪ್ಪನಿಗೆ ಅದನ್ನು ಹೇಳಲು ಬಾಯಿ ಬರಲಿಲ್ಲ ಎಂಬುದು ಎರಡನೆಯ ಭೇಟಿಯಲ್ಲಿ ಹೊರಬಂತು. ಅಪ್ಪ ತಲೆ ತಗ್ಗಿಸಿ ಕೇಳಿದ. ಅಂಕ ಒಂದೇ ದಿನಕ್ಕೆ ಏರಲಿಲ್ಲ, ಸಿಗರೇಟೂ ಒಂದೇ ದಿನಕ್ಕೆ ಬಿಡಲಿಲ್ಲ. ಆದರೆ ಆ ರಾತ್ರಿ ಅಪ್ಪ-ಮಗ ಒಟ್ಟಿಗೆ ಊಟಕ್ಕೆ ಕುಳಿತರು.

ಪರಿಹಾರ ಅಲ್ಲಿಂದ ಶುರುವಾಗುತ್ತದೆ. 'ಎಷ್ಟು ಅಂಕ?' ಎಂದು ಕೇಳುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. 'ಏನಾಯ್ತಪ್ಪಾ?' ಎಂದು ಕೇಳಿ, ಉತ್ತರ ಬರುವವರೆಗೆ ಕಾಯುವ ಮನೆಗಳು ಹೆಚ್ಚಾಗಬೇಕು. ಕೇಳಲು ಧೈರ್ಯ ಸಾಲದಿದ್ದರೆ, ಜೊತೆಯಲ್ಲಿ ಕುಳಿತು ಕೇಳಿಸುವವರು ಇದ್ದಾರೆ, ಅದೂ ಬಿಡಿಗಾಸಿಲ್ಲದೆ.