ಎಳೆಯುವ ಗಾಡಿ, ನಿಲ್ಲುವ ಗಾಡಿ

ನಮ್ಮ ಬೇಗೂರು ಹೋಬಳಿಯಲ್ಲಿ ಹಳೆಯ ಗಾಡಿ ಕೊಳ್ಳಲು ಹೊರಟವರು ಕೇಳುವ ಮೊದಲ ಪ್ರಶ್ನೆ ಒಂದೇ: "ಎಳೀತದಾ?" ಮಾರುವವನು ಎದೆ ತಟ್ಟಿಕೊಂಡು "ಆನೆ ಎಳ್ದಂಗೆ ಎಳೀತದೆ" ಎನ್ನುತ್ತಾನೆ. ದಲ್ಲಾಳಿ ತಲೆಯಾಡಿಸುತ್ತಾನೆ. ಅಲ್ಲಿಗೆ ಪರೀಕ್ಷೆ ಮುಗಿಯಿತು! ಈ ಗಾಡಿ ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂದು ಕೇಳಿದ ಒಬ್ಬ ಗಿರಾಕಿಯನ್ನೂ ನಾನು ಇದುವರೆಗೆ ಕಂಡಿಲ್ಲ.

ಈ ಮಾತು ಈಗೇಕೆ ಬಂದಿತೆಂದರೆ, ನನ್ನ ಸೋದರಳಿಯನೊಬ್ಬ ಒಂದು ಯೋಜನೆ ಹಾಕಿಕೊಂಡಿದ್ದಾನೆ. ಏಳು ಜನ ಕೂರುವ ಹಳೆಯ ಡೀಸೆಲ್ ಗಾಡಿಯೊಂದನ್ನು ಕೊಳ್ಳುವುದು. ವೆಲ್ಡಿಂಗ್ ಅಂಗಡಿಯಲ್ಲಿ ಅದರ ಹಿಂದಕ್ಕೊಂದು ಕೊಂಡಿ, ಎರಡು ಚಕ್ರದ ಒಂದು ಟ್ರೇಲರ್ ಮಾಡಿಸುವುದು. ಬೆಳಗ್ಗೆ ಟೊಮೆಟೊ, ಬೀಟ್‌ರೂಟ್ ತುಂಬಿ ಗುಂಡ್ಲುಪೇಟೆಯ ಎ.ಪಿ.ಎಂ.ಸಿ.ಗೆ ಹೊಡೆಯುವುದು, ದಾರಿಯಲ್ಲಿ ಮಕ್ಕಳನ್ನು ಶಾಲೆಗೆ ಬಿಡುವುದು, ಸೋಮವಾರ ಅದೇ ಗಾಡಿಯಲ್ಲಿ ನನ್ನ ಅಕ್ಕನನ್ನು ನಂಜನಗೂಡಿನ ದೇವಸ್ಥಾನಕ್ಕೆ ಕರೆದೊಯ್ಯುವುದು. ಬಂಧುಗಳೆಲ್ಲ ಸೈ ಎಂದರು. ನಾನೊಬ್ಬ ಬೇಡವೆಂದೆ. "ಮಾವ, ಒಂದೇ ಗಾಡೀಲಿ ಎರಡು ಕೆಲ್ಸ ಆಯ್ತದೆ, ನೀವ್ಯಾಕೆ ಅಡ್ಡ ಬತ್ತೀರಿ?" ಎಂದು ಅವನು ಮುನಿಸಿಕೊಂಡಿದ್ದಾನೆ. ಅಡ್ಡ ಏಕೆ ಬರುತ್ತೇನೆ ಎಂಬುದನ್ನು ಅವನಿಗೂ, ಅವನ ಪಕ್ಷ ವಹಿಸಿದ ಸಮಸ್ತ ಬಂಧುವರ್ಗಕ್ಕೂ, ಇಂಥದೇ ಯೋಚನೆಯಲ್ಲಿರಬಹುದಾದ ನನ್ನ ಹಳೆಯ ವಿದ್ಯಾರ್ಥಿಗಳಿಗೂ ಒಟ್ಟಿಗೇ ಹೇಳಿಬಿಡುವುದು ಲೇಸು.

ಒಂಬತ್ತನೆಯ ತರಗತಿಗೆ ಚಲನೆಯ ನಿಯಮಗಳನ್ನು ಪಾಠ ಮಾಡಿದವನು ನಾನು. ಲೆಕ್ಕದಿಂದಲೇ ಆರಂಭಿಸೋಣ. ಅಂಥ ಗಾಡಿ ಜನಸಮೇತ ಸುಮಾರು 2,000 ಕಿಲೋ ತೂಗುತ್ತದೆ ಎಂದಿಟ್ಟುಕೊಳ್ಳಿ. ಕ್ರೇಟಿಗೆ 25 ಕಿಲೋದಂತೆ 60 ಕ್ರೇಟ್ ಟೊಮೆಟೊ 1,500 ಕಿಲೋ. ಕಬ್ಬಿಣದ ಟ್ರೇಲರಿನದೇ 500 ಕಿಲೋ. ಗಾಡಿಯಷ್ಟೇ ತೂಕದ ಇನ್ನೊಂದು ಗಾಡಿ ಬೆನ್ನ ಹಿಂದೆ ಬರುತ್ತಿದೆ, ಆದರೆ ಅದಕ್ಕೆ ಬ್ರೇಕ್ ಇಲ್ಲ. ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ಗಾಡಿ ಒಣ ರಸ್ತೆಯಲ್ಲಿ ಬ್ರೇಕ್ ಒತ್ತಿದ ಮೇಲೆ ಸುಮಾರು 20 ಮೀಟರ್ ಸಾಗಿ ನಿಲ್ಲುತ್ತದೆ. ಅದಕ್ಕೂ ಮುನ್ನ, ಕಣ್ಣು ಕಂಡು ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲಿ 17 ಮೀಟರ್ ಓಡಿರುತ್ತದೆ. ಒಟ್ಟು 37. ಈಗ ಟ್ರೇಲರ್ ಕಟ್ಟಿ. ಬ್ರೇಕಿನ ಬಲ ಅಷ್ಟೇ, ನಿಲ್ಲಿಸಬೇಕಾದ ತೂಕ ಇಮ್ಮಡಿ. ಆದ್ದರಿಂದ 20 ಮೀಟರ್ ಹೋಗಿ 40 ಆಗುತ್ತದೆ, ಒಟ್ಟು 57. ನಮ್ಮ ಹೆದ್ದಾರಿಯಲ್ಲಿ ಆ ಹೆಚ್ಚಿನ 20 ಮೀಟರಿನೊಳಗೆ ಏನೇನಿರುತ್ತದೆಂದು ಬೇಗೂರಿನವರಿಗೆ ಹೇಳಬೇಕಾಗಿಲ್ಲ: ರಸ್ತೆ ದಾಟುವ ಹಸು, ಹಾಲಿನ ಕ್ಯಾನಿನ ಸೈಕಲ್ಲು, ಬಸ್ಸಿಳಿದು ಓಡುವ ಶಾಲೆಯ ಮಕ್ಕಳು. ಮೊದಲು 212 ಎಂದೂ ಈಗ 766 ಎಂದೂ ಕರೆಯಲ್ಪಡುವ ಈ ರಸ್ತೆಯಲ್ಲಿ ಕೇರಳದ ಲಾರಿಗಳು ಓಡುವ ಓಟವೂ ತಿಳಿದದ್ದೇ. 2009ರಲ್ಲಿ ಬಂಡೀಪುರದ ಕಾಡಿನೊಳಗೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಷೇಧವಾದ ಮೇಲೆ, ಗೇಟು ಮುಚ್ಚುವ ಮುನ್ನ ದಾಟಬೇಕೆಂಬ ಅವಸರವೂ ಅದಕ್ಕೆ ಸೇರಿಕೊಂಡಿತು.

ಇಷ್ಟಾಗಿಯೂ ಇದು ನೇರ ರಸ್ತೆಯ ಲೆಕ್ಕ. ಇಳಿಜಾರಿನ ತಿರುವಿನಲ್ಲಿ ಜೋರಾಗಿ ಬ್ರೇಕ್ ಹಾಕಿದರೆ ಮುಂದಿನ ಗಾಡಿ ನಿಧಾನಿಸುತ್ತದೆ, ಹಿಂದಿನದು ನಿಧಾನಿಸುವುದಿಲ್ಲ. ಅದು ಗಾಡಿಯ ಬೆನ್ನನ್ನು ಪಕ್ಕಕ್ಕೆ ನೂಕಿ ಎರಡನ್ನೂ ಅಡ್ಡಡ್ಡ ಮಡಿಚಿ ಹಾಕುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ ಎಂಬ ಗಾದೆ ಇಂಥ ಜೋಡಿಗೇ ಹೇಳಿಸಿದಂತಿದೆ. ಯೂರೋಪಿನ ದೇಶಗಳಲ್ಲಿ ಒಟ್ಟು ತೂಕ 750 ಕಿಲೋ ದಾಟುವ ಟ್ರೇಲರಿಗೆ ಅದರದೇ ಬ್ರೇಕ್ ಇರಲೇಬೇಕೆಂದು ನಿಯಮ ಮಾಡಿರುವುದು ಸುಮ್ಮನೆ ಅಲ್ಲ. ನನ್ನ ಸೋದರಳಿಯನ ಯೋಜನೆಯ ಟ್ರೇಲರ್ ಅದರ ಎರಡೂವರೆ ಪಟ್ಟಿಗೂ ಹೆಚ್ಚು ತೂಕದ್ದು; ಬ್ರೇಕಿನ ಸುದ್ದಿಯನ್ನು ವೆಲ್ಡಿಂಗ್ ಅಂಗಡಿಯವನೂ ಎತ್ತಲಿಲ್ಲ, ಇವನೂ ಕೇಳಲಿಲ್ಲ.

"ಹಾಗಾದರೆ ಟ್ರ್ಯಾಕ್ಟರ್ ಎಳೆಯುವುದಿಲ್ಲವೇ?" ಎಂಬುದು ಬಂಧುಗಳ ವಾದ. ಎಳೆಯುತ್ತದೆ, ಎಳೆಯುವುದಕ್ಕೆಂದೇ ಹುಟ್ಟಿದ್ದು ಅದು. ಆದರೆ ಅದು 25 ಕಿ.ಮೀ. ವೇಗದಲ್ಲಿ ಎಳೆಯುತ್ತದೆ. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣ ಎಂದು ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಬರೆದಿಲ್ಲ ನಾನು! 25ರಲ್ಲಿ ಇರುವ ಹೊರೆಯನ್ನು 60ಕ್ಕೆ ಓಡಿಸಿದರೆ ಬ್ರೇಕ್ ಅರಗಿಸಿಕೊಳ್ಳಬೇಕಾದ ಶಕ್ತಿ ಸುಮಾರು ಆರು ಪಟ್ಟಾಗುತ್ತದೆ. ಹೀಗೆ ವಾದಿಸಿದವರಲ್ಲಿ ಇಬ್ಬರು ನನ್ನ ಕೈಯಲ್ಲೇ ಓದಿ ಆ ಪ್ರಶ್ನೆಗೆ ಪೂರ್ಣಾಂಕ ಪಡೆದವರು ಎಂಬುದನ್ನು ನೆನೆದಾಗ ನಗುವೂ ಬರುತ್ತದೆ, ವ್ಯಥೆಯೂ ಆಗುತ್ತದೆ.

ಹೊರೆ ಹೇರುವ ವಿದ್ಯೆ ನಮಗೆ ಹೊಸದಲ್ಲ. ಎತ್ತಿನ ಗಾಡಿ ಹೂಡಿದ ಹಿರಿಯರಿಗೆ ಮುಂಭಾರ, ಹಿಂಭಾರ ಎಂಬ ಎರಡು ಮಾತುಗಳು ಸಾಕಾಗಿದ್ದವು. ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳಿನ ಹಗ್ಗ ಬಿಗಿಯುತ್ತದೆ. ಮುಂಭಾರ ಅತಿಯಾದರೆ ಹೆಗಲು ಹುಣ್ಣಾಗುತ್ತದೆ. ಆದ್ದರಿಂದ ನೊಗ ಹೆಗಲಿನ ಮೇಲೆ ಹಿತವಾಗಿ ಕೂರುವಷ್ಟು ಮಾತ್ರ ಮುಂಭಾರ ಕೊಟ್ಟು ಮೂಟೆ ಜೋಡಿಸುತ್ತಿದ್ದರು. ಕಾರಿನ ಕೊಂಡಿಗೂ ಇದೇ ಶಾಸ್ತ್ರ. ಹಿಂಭಾರವಾದ ಟ್ರೇಲರ್ ವೇಗ ಹೆಚ್ಚಿದಂತೆ ಹಾವಿನಂತೆ ಹೊಯ್ದಾಡಲು ತೊಡಗುತ್ತದೆ. ಅದಕ್ಕಾಗಿ ಒಟ್ಟು ತೂಕದ ಹತ್ತರಲ್ಲೊಂದು ಪಾಲಿನಷ್ಟು ಕೊಂಡಿಯ ಮೇಲೆ ಬೀಳಬೇಕೆಂದು ಲೆಕ್ಕ ಹಾಕುತ್ತಾರೆ. ನಮ್ಮ 2,000 ಕಿಲೋದಲ್ಲಿ ಹತ್ತನೆಯ ಪಾಲೆಂದರೆ 200 ಕಿಲೋ. ದಷ್ಟಪುಷ್ಟರಾದ ಇಬ್ಬರು ಮೂವರು ಬೀಗರು ಸದಾಕಾಲ ಹಿಂದಿನ ಬಂಪರಿನ ಮೇಲೆ ಕೂತಂತೆ. ಹಿಂದು ಕುಸಿದು ಮುಂದು ಮೇಲೇಳುತ್ತದೆ, ಮುಂದಿನ ಚಕ್ರಗಳಿಗೆ ನೆಲದ ಹಿಡಿತ ತಗ್ಗುತ್ತದೆ. ಸ್ಟೀರಿಂಗ್ ತಿರುಗಿಸುವುದು ಆ ಚಕ್ರಗಳನ್ನು, ಬ್ರೇಕಿನ ಹೆಚ್ಚು ಕೆಲಸವೂ ಆ ಚಕ್ರಗಳದೇ. ಮಕ್ಕಳನ್ನು ಕೂರಿಸುವುದು ಇಂಥ ಗಾಡಿಯಲ್ಲಿ!

ಇದೇ ತಿಂಗಳು ಅಮೆರಿಕದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬ ಕೇಳಿದ ಪ್ರಶ್ನೆಯೂ ಇದರ ಜೋಡಿಯೇ. ರಜೆಯಲ್ಲಿ ಮಕ್ಕಳೊಂದಿಗೆ ಕೆರೆಗೆ ದೋಣಿ ಒಯ್ಯಲು ಯಾವ ಹಳೆಯ ಗಾಡಿ ಕೊಳ್ಳಲಿ ಎಂದು ಅವನ ಪ್ರಶ್ನೆ. ಕಪಿಲೆಯ ಹರಿಗೋಲನ್ನು ಒಬ್ಬನೇ ತಲೆಯ ಮೇಲೆ ಹೊತ್ತು ನಡೆಯುವುದನ್ನು ಕಂಡ ನನಗೆ, ದೋಣಿಗೊಂದು ಗಾಡಿ, ಆ ಗಾಡಿಗೊಂದು ಗಾಡಿ ಎಂಬುದು ವಿನೋದವಾಗಿ ತೋರಿತು. ಇರಲಿ. ಅಲ್ಲಿ ತಯಾರಕರು ಎಳೆಯುವ ಮಿತಿಯನ್ನು ಕೈಪಿಡಿಯಲ್ಲಿ ಅಚ್ಚು ಹಾಕಿಸಿರುತ್ತಾರೆ. ಕುಟುಂಬದ ವ್ಯಾನುಗಳಿಗೆ ಸಾಮಾನ್ಯವಾಗಿ 3,500 ಪೌಂಡು, ಎಂದರೆ ಸುಮಾರು 1,590 ಕಿಲೋ. ಆ ಅಂಕಿಯಲ್ಲಿ ದೋಣಿ ಮಾತ್ರವಲ್ಲ, ಎಂಜಿನ್ನು, ಪೆಟ್ರೋಲು, ಟ್ರೇಲರು ಎಲ್ಲವೂ ಸೇರಬೇಕು. ಮುಂದಿನ ಚಕ್ರಗಳಿಂದ ಓಡುವ ಗಾಡಿಯಾದರೆ ಇನ್ನೊಂದು ತೊಡಕು: ದೋಣಿಯನ್ನು ನೀರಿನಿಂದ ಮೇಲೆಳೆಯುವ ಪಾಚಿಗಟ್ಟಿದ ಇಳಿಜಾರಿನಲ್ಲಿ ಭಾರವೆಲ್ಲ ಹಿಂದಕ್ಕೆ ವಾಲಿ, ಎಳೆಯಬೇಕಾದ ಚಕ್ರಗಳೇ ಜಾರುತ್ತವೆ. ಅವನಿಗೆ ಕೈಪಿಡಿಯಾದರೂ ಇದೆ. ನಮ್ಮ ಸೋದರಳಿಯ ನೋಡಿಬಂದ ಗಾಡಿಯಲ್ಲಿ ಕೈಪಿಡಿಯೇ ಇರಲಿಲ್ಲ. ತಯಾರಕರು ಮಿತಿ ಹೇಳದ ಗಾಡಿಗೆ ಕೊಂಡಿ ಬೆಸೆಯುವ ಅಧಿಕಾರ ವೆಲ್ಡಿಂಗ್ ಅಂಗಡಿಗೆ ಎಲ್ಲಿಂದ ಬಂತು?

ಇನ್ನು ಹಳೆಯ ಗಾಡಿಯ ಪೂರ್ವಾಶ್ರಮದ ವಿಚಾರ. ಹೊರೆ ಎಳೆದು ದಣಿದ ಗಾಡಿಯನ್ನು ತೊಳೆದು ಹೊಳಪು ಕೊಟ್ಟು "ಮನೆಯವರು ಓಡಿಸಿದ ಗಾಡಿ" ಎಂದು ಮಾರುತ್ತಾರೆ. ಹಿಂದಿನ ಬಂಪರಿನ ಕೆಳಗೆ ಬಗ್ಗಿ ನೋಡಿ. ಕೊಂಡಿ ಬಿಚ್ಚಿದ ಬೋಲ್ಟಿನ ತೂತುಗಳು, ಚಾಸಿಸ್ ಮೇಲೆ ಬೆಸುಗೆಯ ಗುರುತುಗಳು ಸತ್ಯ ಹೇಳುತ್ತವೆ. ಕೈಬ್ರೇಕ್ ಎಳೆದು, ಮೂರನೆಯ ಗೇರಿಗೆ ಹಾಕಿ, ನಿಧಾನವಾಗಿ ಕ್ಲಚ್ ಬಿಡಿ: ಎಂಜಿನ್ ಕೂಡಲೇ ನಿಂತರೆ ಕ್ಲಚ್ ಗಟ್ಟಿಯಿದೆ, ಗುರ್ ಎನ್ನುತ್ತಲೇ ಇದ್ದರೆ ಸವೆದಿದೆ. ಕೇರಳದಿಂದ ಬಂದ ಗಾಡಿಯಾದರೆ ಕಾಲಡಿಯ ಹಾಸು ಎತ್ತಿ, ಸೀಟಿನ ಹಳಿಗಳ ತುಕ್ಕನ್ನೂ ಮೂಲೆಯ ಕೆಸರನ್ನೂ ಹುಡುಕಿ. 2018ರ ಆಗಸ್ಟಿನ ಪ್ರವಾಹದಲ್ಲಿ ಅಲ್ಲಿ ಮುಳುಗಿದ ಗಾಡಿಗಳು ಒಂದೆರಡಲ್ಲ. ಹೊರರಾಜ್ಯದ ಗಾಡಿಗೆ ಅಲ್ಲಿನ ಆರ್.ಟಿ.ಓ.ದ ನಿರಾಕ್ಷೇಪಣಾ ಪತ್ರ ಬೇಕು, ಇಲ್ಲಿ ತೆರಿಗೆ ಕಟ್ಟಬೇಕು. ಆ ಮೊತ್ತವನ್ನು ದಲ್ಲಾಳಿ ಎಂದೂ ಬೆಲೆಯಲ್ಲಿ ಸೇರಿಸಿ ಹೇಳುವುದಿಲ್ಲ.

ಅಗ್ಗದ ಆಸೆಗೆ ಕ್ವಾಲಿಸ್, ಹಳೆಯ ಸುಮೋ ಎಂದು ಹೊರಡುವವರಿಗೊಂದು ಮಾತು. ಕ್ವಾಲಿಸ್ ತಯಾರಿಕೆ 2005ರಲ್ಲೇ ನಿಂತಿತು. ಖಾಸಗಿ ಗಾಡಿಗೆ 15 ವರ್ಷ ತುಂಬಿದ ಮೇಲೆ ನೋಂದಣಿ ನವೀಕರಿಸಬೇಕು. ಅದರ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. 20 ವರ್ಷ ದಾಟಿದ ಕಾರುಗಳಿಗೆ 2025ರಲ್ಲಿ 10,000 ಆಯಿತು. ಶುಲ್ಕಕ್ಕಿಂತ ದೊಡ್ಡದು ಹೆಸರಿನ ಪ್ರಶ್ನೆ. ಆರ್.ಸಿ.ಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕ, ಅಪಘಾತದ ಪರಿಹಾರಕ್ಕೂ ಅವನೇ ಹೊಣೆ ಎಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಸ್ಪಷ್ಟಪಡಿಸಿದೆ. ಸಹಿ ಹಾಕಿದ ಖಾಲಿ ಫಾರಂಗಳನ್ನು ಕೈಯಿಂದ ಕೈಗೆ ದಾಟಿಸುವ ನಮ್ಮ ಕಡೆಯ ಪದ್ಧತಿ ಕೊಂಡವನಿಗೂ ಕೊಟ್ಟವನಿಗೂ ನೇಣು.

ಟ್ರೇಲರಿನ ಕಾನೂನನ್ನಂತೂ ಯಾರೂ ಕೇಳುವುದೇ ಇಲ್ಲ. 1988ರ ಮೋಟಾರು ವಾಹನ ಕಾಯ್ದೆ ಟ್ರೇಲರನ್ನು ಪ್ರತ್ಯೇಕ ವಾಹನವೆಂದೇ ಎಣಿಸುತ್ತದೆ. ವೆಲ್ಡಿಂಗ್ ಅಂಗಡಿಯ ಟ್ರೇಲರಿಗೆ ನೋಂದಣಿ ಎಲ್ಲಿ? ವಿಮೆ ಎಲ್ಲಿ? ನಾಳೆ ಹೆಚ್ಚುಕಡಿಮೆಯಾಗಿ ದಾರಿಹೋಕನಿಗೆ ಪೆಟ್ಟಾದರೆ, ವಿಮೆಯವರು ಮೊದಲು ಕೇಳುವುದು ಆ ಕೊಂಡಿಯ ಸಂಗತಿಯನ್ನೇ. ಆಗ ಹೊಲದ ಪಹಣಿಯನ್ನೇ ಹಿಡಿದು ನಿಲ್ಲಬೇಕಾದೀತು.

ಟ್ರೇಲರ್ ಮನೆಗೆ ಬಂದ ಮೇಲೆ ಅದರಲ್ಲಿ ಟೊಮೆಟೊ ಮಾತ್ರ ಹೋಗುವುದಿಲ್ಲ ಎಂಬುದು ನನ್ನ ದೊಡ್ಡ ಭಯ. ಜಾತ್ರೆ ಬರುತ್ತದೆ, ಬೀಗರೂಟ ಬರುತ್ತದೆ, "ಇನ್ನು ಹತ್ತು ಜನ ತಾನೇ, ಹಿಂದೆ ಕೂತ್ಕಳ್ಳಿ" ಎಂಬ ಮಾತು ಬರುತ್ತದೆ. 2010ರ ಡಿಸೆಂಬರಿನಲ್ಲಿ ಮೈಸೂರು ನಂಜನಗೂಡುಗಳ ನಡುವೆ ಉಂಡಬತ್ತಿ ಕೆರೆಗೆ ಮದುವೆಯ ಕಡೆಯವರಿದ್ದ ಟೆಂಪೋ ಬಿದ್ದು ಮೂವತ್ತು ಜನರಿಗೂ ಹೆಚ್ಚು ಮಂದಿ ಸತ್ತದ್ದನ್ನು ಈ ದಾರಿಯವರು ಮರೆತಿರಲಾರರು. ಅದು ಟ್ರೇಲರ್ ಅಲ್ಲ, ನಿಜ. ಆದರೆ ಟೆಂಪೋಗಾದರೂ ತನ್ನ ಬ್ರೇಕ್ ತನಗಿರುತ್ತದೆ.

"ಎರಡು ಗಾಡಿಗೆ ದುಡ್ಡೆಲ್ಲಿ ತರಲಿ?" ಎಂಬ ಸೋದರಳಿಯನ ಪ್ರಶ್ನೆ ನ್ಯಾಯವಾದದ್ದು, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಬೆಳೆಗೆ ಬೆಲೆ ಸಿಗದೆ ಟೊಮೆಟೊವನ್ನು ರಸ್ತೆಗೆ ಸುರಿದ ದಿನಗಳನ್ನೂ ಕಂಡವನು ನಾನು. ಆದರೆ ಅವನದೇ ಲೆಕ್ಕದಂತೆ ಮಂಡಿಗೆ ಹೊರೆ ಹೋಗುವುದು ವರ್ಷಕ್ಕೆ ಅರವತ್ತು ದಿನ. ಆ ಅರವತ್ತು ದಿನಕ್ಕೆ ಲಗೇಜ್ ಆಟೋ ಇದೆ, ಬಾಡಿಗೆಯ ಪಿಕಪ್ ಇದೆ. ಸ್ವಂತದ್ದೇ ಬೇಕೆಂದರೆ, ಹೊರೆಯನ್ನು ತನ್ನ ಬೆನ್ನ ಮೇಲೆ ಹೊತ್ತು ತನ್ನ ಬ್ರೇಕಿನಲ್ಲೇ ನಿಲ್ಲುವ ಸಣ್ಣ ಸರಕು ಗಾಡಿ ಹಳೆಯದು ಸಿಗುತ್ತದೆ. ಬರೆದಷ್ಟೇ ತೂಕ ಹೇರಿದರೆ ಆಯಿತು. ಮಕ್ಕಳಿಗೆ ಬಸ್ಸಿದೆ. ಅಕ್ಕನಿಗೂ ಬಸ್ಸಿದೆ, ಅವಳು ಕಿಟಕಿಯ ಪಕ್ಕದ ಸೀಟಿಗಾಗಿ ಅರ್ಧ ಗಂಟೆ ಮೊದಲೇ ಹೋಗಿ ನಿಲ್ಲುವವಳು. ಏಳು ಸೀಟಿನ ಗಾಡಿ ಬೇಕೆಂದು ಅವಳು ಕೇಳಿದ್ದೇ ಇಲ್ಲ. ಸಂಸಾರಕ್ಕೆ ಕಾರು ಬೇಕೇಬೇಕೆಂದರೆ ಎರಡು ವರ್ಷ ತಡೆದು ಚಿಕ್ಕದೊಂದು ಕೊಳ್ಳಲಿ, ಅದರ ಬೆನ್ನಿಗೆ ಕೊಂಡಿ ಮಾತ್ರ ಬೇಡ.

ಅವನಿನ್ನೂ ಒಪ್ಪಿಲ್ಲ, ಮುಂಗಡವನ್ನೂ ಕೊಟ್ಟಿಲ್ಲ. ಬರುವ ಭಾನುವಾರ ಮತ್ತೆ ಗಾಡಿ ನೋಡಲು ಹೊರಟಿದ್ದಾನೆ, ನಾನೂ ಹೋಗುತ್ತೇನೆ. ಬೇಗೂರು, ಗುಂಡ್ಲುಪೇಟೆಯ ಸುತ್ತ ಗ್ಯಾರೇಜು ನಡೆಸುವ ನನ್ನ ವಿದ್ಯಾರ್ಥಿಗಳು ನಾಲ್ಕಾರು ಮಂದಿ ಇದ್ದೀರಿ. ನಿಮ್ಮಲ್ಲೊಬ್ಬರು ಬಿಡುವು ಮಾಡಿಕೊಂಡು ಬಂದರೆ ಒಳ್ಳೆಯದು. ಬಂಪರಿನ ಕೆಳಗೆ ಬಗ್ಗಿ ನೋಡಲು ನನ್ನ ಮಂಡಿ ಈಗ ಒಪ್ಪುವುದಿಲ್ಲ.