ಬಾವಿ ತೋಡಿದ್ದು ಎಲ್ಲಿ ಸ್ವಾಮಿ?

ಪೆಟ್ರೋಲ್ ಬಂಕ್ ಪಕ್ಕದ ಬೀದಿಯವರು "ನೀರಲ್ಲಿ ಏನೋ ವಾಸನೆ" ಅಂತ ದೂರು ಕೊಟ್ಟಾಗ ಬಾಯಿ ಮುಚ್ಚಿಸೋಕೆ ಒಂದು ರೆಡಿಮೇಡ್ ಉತ್ತರ ಇದೆ: "ಟೆಸ್ಟ್ ಮಾಡಿಸಿದ್ದೀವಿ, ಏನೂ ಇಲ್ಲ". ನಾನು ಕೇಳೋದು ಇಷ್ಟೇ. ಆ ನೀರು ತೆಗೆದದ್ದು ಎಲ್ಲಿಂದ? ಎಷ್ಟು ಆಳದಿಂದ? ಇದನ್ನ ಹೇಳದ ರಿಪೋರ್ಟು ರದ್ದಿ ಕಾಗದ. ಹೀಗಂದ್ರೆ ಕೆಲವರಿಗೆ ಸಿಟ್ಟು ಬರುತ್ತೆ. ಬರಲಿ.

ಪೆಟ್ರೋಲ್ ನೀರಿಗಿಂತ ಹಗುರ. ನೆಲದಡಿಯ ಟ್ಯಾಂಕು ತೂತಾದರೆ ಅದು ಮಣ್ಣಿನಲ್ಲಿ ಇಳಿದು, ಅಂತರ್ಜಲ ಸಿಕ್ಕಿದ ಕಡೆ ಸಾರಿನ ಮೇಲೆ ಒಗ್ಗರಣೆ ಎಣ್ಣೆ ತೇಲೋ ಹಾಗೆ ಹರಡಿಕೊಳ್ಳುತ್ತೆ. ಅದರೊಳಗಿನ ಬೆಂಜೀನ್ ನಿಧಾನವಾಗಿ ಕರಗಿ ನೀರು ಹರಿಯೋ ದಿಕ್ಕಿಗೆ ಹೊರಡುತ್ತೆ. ಇದನ್ನ ಹಿಡಿಯೋಕೆ ತೋಡೋದೇ ಮಾನಿಟರಿಂಗ್ ಬಾವಿ. ಬಾವಿ ಅಂದರೆ ದೊಡ್ಡದೇನಲ್ಲ, ಸಣ್ಣ ಪೈಪು. ಆದರೆ ಪೈಪಿನಲ್ಲಿ ಸೀಳುಗಳಿರೋ ಭಾಗ ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲಿಂದ ಶುರುವಾಗಿ ಸ್ವಲ್ಪ ಕೆಳಗಿನವರೆಗೂ ಇರಬೇಕು. ಅದರ ಮೇಲುಗಡೆ ಪೈಪಿನ ಸುತ್ತ ಬೆಂಟೊನೈಟ್ ಜೇಡಿ ತುಂಬಬೇಕು. ಇಲ್ಲಾಂದ್ರೆ ಮೇಲಿನ ಕೊಳಕು ಪೈಪಿನ ಪಕ್ಕದಲ್ಲೇ ಇಳಿದು, ತನಿಖೆಗೆ ಅಂತ ತೋಡಿದ ಬಾವಿಯೇ ವಿಷಕ್ಕೆ ದಾರಿ ಆಗುತ್ತೆ.

ಅದು ಬಿಟ್ಟು ಹತ್ತಿರದ ಯಾರದ್ದೋ ಬೋರ್‌ವೆಲ್ ನೀರು ತಂದರೆ? ಬೆಂಗಳೂರಿನಲ್ಲಿ ಸಾವಿರ ಅಡಿ ದಾಟಿದ ಬೋರುಗಳಿವೆ. ಮೇಲಿನ ಸಡಿಲ ಮಣ್ಣು ಕುಸಿಯಬಾರದು ಅಂತ ಅಲ್ಲಿಗೆಲ್ಲ ಕೇಸಿಂಗ್ ಇಳಿಸಿರ್ತಾರೆ. ಪೆಟ್ರೋಲ್ ಮೊದಲು ಸೇರೋದು ಆ ಮೇಲಿನ ಪದರದಲ್ಲೇ! ಇನ್ನು ಓವರ್‌ಹೆಡ್ ಟ್ಯಾಂಕಿನ ನಲ್ಲಿಯಿಂದ ಖಾಲಿ ಮಿನರಲ್ ವಾಟರ್ ಬಾಟಲಿಗೆ ಹಿಡಿದರಂತೂ ದೇವರೇ ಗತಿ :-) ಬೆಂಜೀನ್ ಗಾಳಿಗೆ ಹಾರಿಹೋಗೋ ವಸ್ತು. ಒಂದು ಗುಳ್ಳೆಯೂ ಉಳಿಯದ ಹಾಗೆ ಗಾಜಿನ ಸೀಸೆ ತುಂಬಿಸಿ ಐಸಿನಲ್ಲಿಟ್ಟು ಒಯ್ಯಬೇಕಾದ್ದು. ಆಮೇಲೆ ಲ್ಯಾಬಿನವರು ಟಿಡಿಎಸ್, ಗಡಸುತನ, ನೈಟ್ರೇಟ್, ಫ್ಲೋರೈಡ್ ಅಷ್ಟೇ ನೋಡಿ ಸೀಲು ಒತ್ತಿದರೆ ಬೆಂಜೀನ್ ಎಲ್ಲಿಂದ ಕಾಣಬೇಕು?

"ಈಗ ವಾಸನೆ ಹೋಯ್ತಲ್ಲ" ಅನ್ನೋರಿಗೆ ಒಂದು ಲೆಕ್ಕ. ನಮ್ಮ ಪೆಟ್ರೋಲಿನಲ್ಲಿ ಬೆಂಜೀನ್ ಶೇ. 1ರವರೆಗೆ ಇರಬಹುದು. ಲೀಟರಿಗೆ 10 ಎಂಎಲ್, ತೂಕದಲ್ಲಿ ಸುಮಾರು 8.8 ಗ್ರಾಂ. ಕುಡಿಯೋ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಭಾಗಿಸಿ ನೋಡಿ. ಅಷ್ಟೂ ಕರಗಿದರೆ ಒಂದೇ ಲೀಟರ್ ಪೆಟ್ರೋಲು ಸುಮಾರು 8.8 ಲಕ್ಷ ಲೀಟರ್ ನೀರನ್ನ ಆ ಮಿತಿಗೆ ಮುಟ್ಟಿಸುತ್ತೆ. ಆ ಮಟ್ಟದಲ್ಲಿ ಬೆಂಜೀನ್ ಯಾವ ಮೂಗಿಗೂ ಸಿಗಲ್ಲ. ರಕ್ತದ ಕ್ಯಾನ್ಸರ್ ತರೋ ವಸ್ತು ಇದು, ಮೂಗನ್ನ ನಂಬಿ ಕೂರೋದಾ?

ಚೆನ್ನೈನ ತೊಂಡಿಯಾರ್‌ಪೇಟೆ ನೆನಪಿದೆಯಾ? 2013ರಲ್ಲಿ ಅಲ್ಲಿನ ಮನೆಗಳ ಬೋರ್‌ವೆಲ್‌ಗಳಲ್ಲಿ ಎಣ್ಣೆ ಬಂತು. ಬಿಪಿಸಿಎಲ್ ಪೈಪ್‌ಲೈನ್ ಸೋರಿತ್ತು. ಅಂದರೆ ಅಲ್ಲಿ ಮಾನಿಟರಿಂಗ್ ಬಾವಿಯ ಕೆಲಸ ಮಾಡಿದ್ದು ಜನರ ಬಚ್ಚಲು, ಅಡುಗೆಮನೆ.

"ಬಂಕು ಮನೆಗಳಿಂದ 50 ಮೀಟರ್ ದೂರ ಇರಬೇಕು ಅಂತ 2020ರಲ್ಲೇ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೇಳಿದೆಯಲ್ಲ" ಅನ್ನಬಹುದು. ಅದು ಹೊಸ ಬಂಕುಗಳಿಗೆ, ಅದೂ ನೆಲದ ಮೇಲೆ ಟೇಪು ಹಿಡಿದು ಅಳೆಯೋ ದೂರ. ನೆಲದಡಿಯ ನೀರಿಗೆ ಯಾವ ಟೇಪು? ಅಮೆರಿಕದ 1988ರ ನಿಯಮ ಸೋರಿಕೆ ಪತ್ತೆಗೆ ಬಾವಿಗಳನ್ನ ಒಪ್ಪುತ್ತೆ, ಆದರೆ ಅಂತರ್ಜಲ 20 ಅಡಿಗಿಂತ ಕೆಳಗೆ ಇಳಿಯದ, ಮರಳಿನ ಹಾಗೆ ನೀರು ಬಿಡೋ ಜಾಗದಲ್ಲಿ ಮಾತ್ರ. ನಮ್ಮದು ಬಹುಪಾಲು ಗಟ್ಟಿ ಕಲ್ಲಿನ ನಾಡು, ಕೆಳಗೆ ನೀರು ಓಡೋದು ಬಿರುಕುಗಳಲ್ಲಿ. ಬಿರುಕು ತಪ್ಪಿ ನಾಲ್ಕು ಅಡಿ ಪಕ್ಕದಲ್ಲಿ ತೋಡಿದ ಬಾವಿ ವರ್ಷಗಟ್ಟಲೆ "ಏನೂ ಇಲ್ಲ" ಅಂತಲೇ ಹೇಳ್ತಾ ಇರುತ್ತೆ.

ಹಾಗಾಗಿ ಜಾಗ ಗುರುತು ಮಾಡೋ ಕೆಲಸ ಟ್ಯಾಂಕಿನ ಒಡೆಯರ ಕೈಯಲ್ಲಿ ಇರಲೇಬಾರದು. ಕನಿಷ್ಠ ಮೂರು ಬಾವಿ, ತ್ರಿಕೋನದಲ್ಲಿ. ನೀರು ಯಾವ ಕಡೆಗೆ ಇಳೀತಿದೆ ಅಂತ ತಿಳಿಯೋಕೆ ಅಷ್ಟಾದರೂ ಬೇಕು. ತೋಡುವಾಗ ಸಿಕ್ಕ ಮಣ್ಣನ್ನೂ ಆಳ ಬರೆದು ಪರೀಕ್ಷೆಗೆ ಕಳಿಸಬೇಕು. ಸೀಳು ಪೈಪು ಎಷ್ಟರಿಂದ ಎಷ್ಟು ಅಡಿ, ನೀರಿನ ಮಟ್ಟ ಎಷ್ಟು, ಯಾವತ್ತು ಹಿಡಿದದ್ದು, ಎಲ್ಲಾ ಆ ಬೀದಿಯವರ ಕೈಗೆ ಸಿಗಬೇಕು. ಬೇಸಿಗೆಯಲ್ಲಿ ಒಂದು ಸಲ. ಮಳೆಗಾಲ ಮುಗಿದು ನೀರು ಮೇಲೇರಿದಾಗ ಇನ್ನೊಂದು ಸಲ.